ಫೆಡರಲ್ ಕೋರ್ಟ್‌ನಲ್ಲಿರುವ ಕೇಸಿಗೆ ಇನ್ನೊಬ್ಬರನ್ನು ಪಾರ್ಟಿ ಮಾಡಬೇಕು, ಆದರೆ ಡೇಟ್ ಮುಗಿದಿದೆ. ದಾರಿ ಇದೆಯಾ?

ಇರ್ವಿಂಗ್ ತಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ವಿಷಯ. ಅವನು ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿದ್ದಾನೆ, ಎಚ್-1ಬಿ ವೀಸಾ. ಹೈವೇ ತಿರುವಿನಲ್ಲಿ ಪಕ್ಕದ ಲೇನ್‌ನ ಟ್ರಕ್ ಮಗುಚಿ ಅವನ ಕಾರಿನ ಮೇಲೆ ಬಿತ್ತು. ಸೊಂಟಕ್ಕೂ ಎಡಗಾಲಿಗೂ ಸೇರಿ ಮೂರು ಆಪರೇಷನ್ ಆಗಿದೆ. ಅಪಘಾತವಾಗಿ ಎರಡು ವರ್ಷ ತುಂಬಲು ಇನ್ನು ಮೂರು ತಿಂಗಳೂ ಇಲ್ಲ.

ವಕೀಲರು ಡಾಲಸ್ ಕೌಂಟಿಯ ಸ್ಟೇಟ್ ಕೋರ್ಟ್‌ನಲ್ಲಿ ಟ್ರಕ್ ಕಂಪನಿ ಮತ್ತು ಡ್ರೈವರ್ ಮೇಲೆ ಕೇಸ್ ಹಾಕಿದರು. ಇಬ್ಬರೂ ಒಕ್ಲಹೋಮದವರು. ಅವರ ಲಾಯರ್ ಕೇಸನ್ನು ಫೆಡರಲ್ ಕೋರ್ಟ್‌ಗೆ ಎಳೆದುಕೊಂಡು ಹೋದರು. ಎಲ್ಲಾದರೂ ನಡೆಯಲಿ ಅಂತ ನಾವೂ ತಲೆ ಕೆಡಿಸಿಕೊಳ್ಳಲಿಲ್ಲ.

ಮೊನ್ನೆ ಡ್ರೈವರ್‌ನ ಡಿಪೊಸಿಷನ್ (ವಿಚಾರಣೆಗೆ ಮುಂಚೆ ವಕೀಲರು ಪ್ರಮಾಣದ ಮೇಲೆ ಪಡೆಯುವ ಹೇಳಿಕೆ) ಆಯಿತು. ಆತ ಪ್ರಮಾಣ ಮಾಡಿ ಹೇಳಿದ್ದು ಇಷ್ಟು: ಟ್ರೇಲರ್‌ಗೆ ಸೀಲ್ ಹಾಕಿಯೇ ಕೊಟ್ಟರು, ತೆರೆಯಬೇಡ ಅಂದರು. ಒಳಗೆ ದೊಡ್ಡ ಪೇಪರ್ ರೋಲ್‌ಗಳು. ಹೇಗೆ ಜೋಡಿಸಿದ್ದರೋ ನೋಡಿಲ್ಲ. ತಿರುವಿನಲ್ಲಿ ಹಿಂದೆ ಏನೋ ಉರುಳಿದ ಹಾಗಾಯಿತು, ಆಮೇಲೆ ಗಾಡಿ ನನ್ನ ಮಾತು ಕೇಳಲಿಲ್ಲ.

ಲೋಡ್ ಮಾಡಿದ್ದು ಡಾಲಸ್‌ನದೇ ಒಂದು ವೇರ್‌ಹೌಸ್. ಎಲ್‌ಎಲ್‌ಸಿ, ಅಂದರೆ ಸದಸ್ಯರೇ ಮಾಲೀಕರಾದ ಸೀಮಿತ ಹೊಣೆಯ ಕಂಪನಿ. ಅವರನ್ನೂ ಪಾರ್ಟಿ ಮಾಡೋಣ ಅಂದರೆ ವಕೀಲರು "ಪಾರ್ಟಿ ಸೇರಿಸುವ ಡೇಟ್ ಮುಗಿದಿದೆ, ಇನ್ನೊಂದು ತೊಡಕೂ ಇದೆ, ನೋಡೋಣ" ಅಂದರು. ಆ "ನೋಡೋಣ" ಕೇಳಿದಾಗಿನಿಂದ ಅಣ್ಣನಿಗೆ ನಿದ್ದೆ ಇಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತರಲೆ ತಿಮ್ಮ

ಟ್ರಕ್ ಕಂಪನಿಗೆ ಇನ್ಶೂರೆನ್ಸ್ ಇರುತ್ತದೆ ಅಲ್ವಾ? ಅವರೇ ಕೊಡಲಿ ಬಿಡಿ. ಇನ್ನೊಬ್ಬರನ್ನು ಎಳೆದು ತಂದರೆ ಇನ್ನೊಬ್ಬ ಲಾಯರ್, ಇನ್ನೊಂದು ವರ್ಷ. ಸುಮ್ನೆ ರಗಳೆ ಯಾಕೆ?

ಪದ್ಮಕ್ಕ ಹ್ಯೂಸ್ಟನ್

ತಿಮ್ಮಣ್ಣ, ಟೆಕ್ಸಸ್‌ನಲ್ಲಿ ಈ ರಗಳೆ ಬೇಡ ಅಂತ ಬಿಟ್ಟರೆ ದುಡ್ಡು ಕೈತಪ್ಪುತ್ತದೆ. (ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆ ಅಲ್ಲ. ಇಲ್ಲಿಯ ಒಂದು ಲಾ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ಇಂಥ ಮೋಷನ್‌ಗಳಿಗೆ (ಕೋರ್ಟಿಗೆ ಹಾಕುವ ಅರ್ಜಿಗಳಿಗೆ) ಕಾಗದ ಜೋಡಿಸುವುದೇ ನನ್ನ ಹೊಟ್ಟೆಪಾಡು. ನಿಮ್ಮ ವಕೀಲರ ಮಾತೇ ಕೊನೆಯ ಮಾತು.)

ಇಲ್ಲಿ ಜ್ಯೂರಿ ತಪ್ಪನ್ನು ಶೇಕಡಾ ಲೆಕ್ಕದಲ್ಲಿ ಹಂಚುತ್ತದೆ. ಕೇಸಿನಲ್ಲೇ ಇಲ್ಲದವರ ಹೆಸರನ್ನೂ ಪ್ರತಿವಾದಿ ಆ ಪಟ್ಟಿಗೆ ಸೇರಿಸಬಹುದು. ಅದಕ್ಕೆ ರೆಸ್ಪಾನ್ಸಿಬಲ್ ಥರ್ಡ್ ಪಾರ್ಟಿ ಅಂತಾರೆ, ಟೆಕ್ಸಸ್ ಕಾನೂನಿನ 33ನೇ ಅಧ್ಯಾಯ. ಈಗ ಲೆಕ್ಕ ನೋಡಿ. ನಷ್ಟ 10 ಲಕ್ಷ ಡಾಲರ್ ಅಂತ ಜ್ಯೂರಿ ಹೇಳಿತು ಅಂದುಕೊಳ್ಳಿ. ತಪ್ಪು ವೇರ್‌ಹೌಸ್‌ನದು 60, ಟ್ರಕ್ಕಿನವರದು 40 ಅಂದಿತು. ಶೇಕಡಾ 50ಕ್ಕಿಂತ ಜಾಸ್ತಿ ತಪ್ಪಿದ್ದವರಿಂದ ಮಾತ್ರ ಪೂರ್ತಿ ಹಣ ವಸೂಲಿ ಮಾಡಬಹುದು. ಟ್ರಕ್ಕಿನವರು 4 ಲಕ್ಷ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಉಳಿದ 6 ಲಕ್ಷ ಯಾರು ಕೊಡಬೇಕು? ಕೇಸಿನಲ್ಲೇ ಇಲ್ಲದ ವೇರ್‌ಹೌಸ್. ಅಂದರೆ ಯಾರೂ ಇಲ್ಲ.

ಇನ್ಶೂರೆನ್ಸ್ ಮಾತು ಬಂತಲ್ಲ. ರಾಜ್ಯದಿಂದ ರಾಜ್ಯಕ್ಕೆ ಬಾಡಿಗೆಗೆ ಸಾಮಾನು ಸಾಗಿಸುವ ದೊಡ್ಡ ಟ್ರಕ್‌ಗಳಿಗೆ ಫೆಡರಲ್ ಕಾನೂನು ಕೇಳುವ ಕನಿಷ್ಠ ವಿಮೆ 7,50,000 ಡಾಲರ್. 1980ರ ದಶಕದಲ್ಲಿ ಇಟ್ಟ ಮೊತ್ತ, ಇನ್ನೂ ಅಷ್ಟೇ ಇದೆ. ಮೂರು ಆಪರೇಷನ್‌ನ ಬಿಲ್, ಕೆಲಸ ಹೋದ ತಿಂಗಳುಗಳು ಎಲ್ಲ ಸೇರಿದರೆ ಅದು ದೊಡ್ಡ ಮೊತ್ತವೇನಲ್ಲ.

ತಮ್ಮಾ, ನಿಮ್ಮ ಕೇಸಿಗೆ ಬರೋಣ. ಮೂರು ವಿಷಯ ಹೇಳಿ. ಶೆಡ್ಯೂಲಿಂಗ್ ಆರ್ಡರ್‌ನಲ್ಲಿ (ಜಡ್ಜ್ ಕೊಟ್ಟ ವೇಳಾಪಟ್ಟಿಯಲ್ಲಿ) ಪಾರ್ಟಿ ಸೇರಿಸಲು ಕೊಟ್ಟ ಕಡೇ ದಿನ ಯಾವುದು? ವೇರ್‌ಹೌಸ್ ಎಲ್‌ಎಲ್‌ಸಿಯ ಸದಸ್ಯರು ಯಾರು, ಯಾವ ದೇಶದ ಪ್ರಜೆಗಳು? ಅಣ್ಣನಿಗೆ ಗ್ರೀನ್ ಕಾರ್ಡ್ ಬಂದಿದೆಯಾ, ಇನ್ನೂ ಎಚ್-1ಬಿ ಮಾತ್ರವಾ?

ವಕೀಲ ಮೈಸೂರು

ನಾನು ಮೈಸೂರಿನಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡುತ್ತೇನೆ, ಕುತೂಹಲಕ್ಕೆ ಕೇಳುತ್ತಿದ್ದೇನೆ. ನಮ್ಮಲ್ಲಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 1 ರೂಲ್ 10(2) ಪ್ರಕಾರ ಯಾವುದೇ ಹಂತದಲ್ಲಿ ಕೋರ್ಟ್ ಪಾರ್ಟಿ ಸೇರಿಸಬಹುದು. ಒಂದು ಇಂಪ್ಲೀಡಿಂಗ್ ಐಎ (ಪಾರ್ಟಿ ಸೇರಿಸಿ ಅನ್ನುವ ಮಧ್ಯಂತರ ಅರ್ಜಿ) ಹಾಕುತ್ತೇವೆ, ಎದುರಿನವರು ತಕರಾರು ಹಾಕುತ್ತಾರೆ, ಆದೇಶ ಆಗುತ್ತದೆ. ಸಾಕ್ಷಿ ವಿಚಾರಣೆ ಶುರುವಾದ ಮೇಲೂ ಮಾಡಿದ್ದೇವೆ. ಅಲ್ಲಿ ಡೇಟ್ ಮುಗಿಯಿತು ಅಂದರೆ ಏನರ್ಥ?

ಪದ್ಮಕ್ಕ ಹ್ಯೂಸ್ಟನ್

ಒಳ್ಳೇ ಪ್ರಶ್ನೆ ಸರ್. ಇಲ್ಲಿಯ ಫೆಡರಲ್ ಸಿವಿಲ್ ಪ್ರೊಸೀಜರ್ ನಿಯಮಗಳ ರೂಲ್ 21 ಕೂಡ ಅದನ್ನೇ ಹೇಳುತ್ತದೆ, ಕೋರ್ಟ್ ಯಾವಾಗ ಬೇಕಾದರೂ ಪಾರ್ಟಿ ಸೇರಿಸಬಹುದು, ತೆಗೆಯಬಹುದು. ಓದಲು ಬಹಳ ಉದಾರ. ಆದರೆ ಅಭ್ಯಾಸದಲ್ಲಿ ಯಾವ ದಿನ ಬಾಗಿಲು ತಟ್ಟಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕಂಪ್ಲೇಂಟ್ (ದಾವೆಯ ಅರ್ಜಿ) ಜಾರಿ ಮಾಡಿ 21 ದಿನದೊಳಗೆ, ಅಥವಾ ಎದುರಿನವರ ಉತ್ತರ ಇಲ್ಲವೇ ವಜಾ ಮಾಡಿ ಅನ್ನುವ ಮೋಷನ್ ಕೈಗೆ ಬಂದು 21 ದಿನದೊಳಗೆ ಆದರೆ ಒಂದು ಸಲ ಯಾರನ್ನೂ ಕೇಳದೆ ತಿದ್ದಬಹುದು. ರೂಲ್ 15(ಎ)(1). ಅದು ದಾಟಿದರೆ ಎದುರಿನವರ ಲಿಖಿತ ಒಪ್ಪಿಗೆ ಬೇಕು, ಇಲ್ಲ ಕೋರ್ಟಿನ ಅನುಮತಿ ಬೇಕು. ನ್ಯಾಯ ಕೇಳಿದಾಗ ಕೋರ್ಟ್ ಧಾರಾಳವಾಗಿ ಅನುಮತಿ ಕೊಡಬೇಕು ಅಂತ ರೂಲ್‌ನಲ್ಲೇ ಇದೆ. 1962ರ ಫೋಮನ್ ವರ್ಸಸ್ ಡೇವಿಸ್ ತೀರ್ಪನ್ನು ಎಲ್ಲರೂ ಎತ್ತಿಕೊಳ್ಳುವುದು ಇದಕ್ಕೇ. ವಿನಾಕಾರಣ ತಡ, ಕೆಟ್ಟ ಉದ್ದೇಶ, ಎದುರಿನವರಿಗೆ ಅನ್ಯಾಯ, ಪ್ರಯೋಜನವಿಲ್ಲದ ತಿದ್ದುಪಡಿ, ಇಂಥ ಕಾರಣ ಇಲ್ಲದಿದ್ದರೆ ಬಿಡಬೇಕು ಅನ್ನುತ್ತದೆ ಅದು.

ತೊಂದರೆ ಶುರುವಾಗುವುದು ರೂಲ್ 16ರಿಂದ. ಪ್ರತಿ ಕೇಸಿನಲ್ಲೂ ಜಡ್ಜ್ ಮೊದಲೇ ಒಂದು ವೇಳಾಪಟ್ಟಿ ಹೊರಡಿಸುತ್ತಾರೆ. ಅದರಲ್ಲಿ ಪಾರ್ಟಿ ಸೇರಿಸಲು ಕಡೇ ದಿನ ಇರಲೇಬೇಕು. ಆ ದಿನ ದಾಟಿದ ಮೇಲೆ ಧಾರಾಳದ ಮಾತಿಲ್ಲ, ತಕ್ಕ ಕಾರಣ ತೋರಿಸಿ ಅನ್ನುತ್ತಾರೆ. ಟೆಕ್ಸಸ್ ಇರುವುದು ಐದನೇ ಸರ್ಕ್ಯೂಟ್ ಅನ್ನುವ ಫೆಡರಲ್ ಅಪೀಲು ಕೋರ್ಟಿನ ವ್ಯಾಪ್ತಿಯಲ್ಲಿ. ಇಲ್ಲಿ 2003ರ ಎಸ್ ಅಂಡ್ ಡಬ್ಲ್ಯೂ ಎಂಟರ್‌ಪ್ರೈಸಸ್ ತೀರ್ಪು ನಾಲ್ಕು ವಿಷಯ ನೋಡಿ ಅನ್ನುತ್ತದೆ: ತಡಕ್ಕೆ ಕಾರಣ ಏನು, ತಿದ್ದುಪಡಿ ಎಷ್ಟು ಮುಖ್ಯ, ಎದುರಿನವರಿಗೆ ಏನು ತೊಂದರೆ, ವಿಚಾರಣೆ ಮುಂದೂಡಿದರೆ ಆ ತೊಂದರೆ ಸರಿಹೋಗುತ್ತದಾ. ನಾನು ನೋಡಿದ ಮಟ್ಟಿಗೆ ಮೊದಲನೆಯದರಲ್ಲಿ ಎಡವಿದವರು ಉಳಿದ ಮೂರನ್ನು ಎಷ್ಟು ಚೆನ್ನಾಗಿ ಬರೆದರೂ ಉಪಯೋಗ ಕಡಿಮೆ.

ವಕೀಲ ಮೈಸೂರು

ನಮ್ಮ ಆರ್ಡರ್ 6 ರೂಲ್ 17ಕ್ಕೆ 2002ರಲ್ಲಿ ಸೇರಿಸಿದ ಷರತ್ತಿನ ಹಾಗಿದೆ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಬೇಕಾದರೆ ಎಷ್ಟೇ ಎಚ್ಚರ ವಹಿಸಿದ್ದರೂ ಮೊದಲೇ ತರಲು ಆಗುತ್ತಿರಲಿಲ್ಲ ಅಂತ ತೋರಿಸಬೇಕು. ನಮ್ಮಲ್ಲಿ ವಿಚಾರಣೆ ಶುರುವಾಗುವುದೇ ತಡ, ಹಾಗಾಗಿ ಕಕ್ಷಿದಾರರಿಗೆ ಅಷ್ಟು ಬಿಸಿ ತಟ್ಟುವುದಿಲ್ಲ!

ಇರ್ವಿಂಗ್ ತಮ್ಮ

ಅಕ್ಕ, ಪೇಪರ್ ನೋಡಿದೆ. ಪಾರ್ಟಿ ಸೇರಿಸುವ ಕಡೇ ದಿನ ಮುಗಿದು ಆರು ವಾರ ಆಗಿದೆ. ಡಿಪೊಸಿಷನ್ ಆಗಿದ್ದು ಅದಾದ ಮೇಲೆ. ಅಣ್ಣನಿಗೆ ಗ್ರೀನ್ ಕಾರ್ಡ್ ಇಲ್ಲ, ಕ್ಯೂನಲ್ಲಿದ್ದಾನೆ.

ವಕೀಲರು ಹೇಳಿದ ಇನ್ನೊಂದು ತೊಡಕು ಈಗ ಗೊತ್ತಾಯಿತು. ವೇರ್‌ಹೌಸ್ ಎಲ್‌ಎಲ್‌ಸಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಸದಸ್ಯರು. ಒಬ್ಬ ಅಮೆರಿಕದ ಪ್ರಜೆ, ಟೆಕ್ಸಸ್‌ನವನು. ಇನ್ನೊಬ್ಬ ಇರುವುದು ಇಲ್ಲೇ ಆದರೂ ಕೆನಡಾ ಪಾಸ್‌ಪೋರ್ಟ್. "ಇದರಿಂದ ಕೇಸ್ ಫೆಡರಲ್ ಕೋರ್ಟ್‌ನಲ್ಲಿ ಉಳಿಯುವುದಿಲ್ಲ" ಅಂದರು. ಕೆನಡಾದವನಿಗೂ ಹೈವೇ ಅಪಘಾತಕ್ಕೂ ಏನು ಸಂಬಂಧ? ನನಗೆ ತಲೆಬುಡ ಅರ್ಥವಾಗಲಿಲ್ಲ.

ಪದ್ಮಕ್ಕ ಹ್ಯೂಸ್ಟನ್

ಸಂಬಂಧ ಅಪಘಾತಕ್ಕಲ್ಲ, ಕೋರ್ಟಿನ ಅಧಿಕಾರಕ್ಕೆ. ನಿಧಾನವಾಗಿ ಓದಿ.

ನಿಮ್ಮದು ಟೆಕ್ಸಸ್ ಕಾನೂನಿನ ಕೆಳಗಿನ ನಷ್ಟ ಪರಿಹಾರದ ಕೇಸ್. ಅಂಥದ್ದು ಫೆಡರಲ್ ಕೋರ್ಟ್‌ಗೆ ಹೋಗಲು ಒಂದೇ ದಾರಿ, ಎರಡೂ ಕಡೆಯವರು ಬೇರೆ ಬೇರೆ ಕಡೆಯ ಪ್ರಜೆಗಳಾಗಿರಬೇಕು ಮತ್ತು ಮೊತ್ತ 75,000 ಡಾಲರ್ ದಾಟಿರಬೇಕು. ಡೈವರ್ಸಿಟಿ ಅನ್ನುವುದು ಇದನ್ನೇ. ಅಣ್ಣ ಭಾರತದ ಪ್ರಜೆ, ಎದುರಿನವರು ಒಕ್ಲಹೋಮ. ಒಂದು ಕಡೆ ವಿದೇಶಿ, ಇನ್ನೊಂದು ಕಡೆ ಅಮೆರಿಕದವರು. ಸರಿ ಹೋಯಿತು.

ಕಾರ್ಪೊರೇಷನ್ ಆದರೆ ನೋಂದಣಿ ಎಲ್ಲಿ, ಮುಖ್ಯ ಕಚೇರಿ ಎಲ್ಲಿ ಅಂತ ನೋಡಿದರೆ ಮುಗಿಯಿತು. ಎಲ್‌ಎಲ್‌ಸಿ ಹಾಗಲ್ಲ. ಅದರ ಒಬ್ಬೊಬ್ಬ ಸದಸ್ಯ ಎಲ್ಲಿಯವನೋ ಎಲ್‌ಎಲ್‌ಸಿಯೂ ಅಲ್ಲಿಯದು. ನಿಮ್ಮ ವೇರ್‌ಹೌಸ್ ಟೆಕ್ಸಸ್‌ನದೂ ಹೌದು, ಕೆನಡಾದ್ದೂ ಹೌದು. ಟೆಕ್ಸಸ್ ಆಗಿದ್ದರಿಂದ ತೊಂದರೆ ಇಲ್ಲ, ಅಣ್ಣ ಎಚ್-1ಬಿಯಲ್ಲಿದ್ದಾನೆ. (ಗ್ರೀನ್ ಕಾರ್ಡ್ ಇದ್ದು ಟೆಕ್ಸಸ್‌ನಲ್ಲೇ ನೆಲೆಸಿದ್ದರೆ ಅಲ್ಲೂ ಕೊಕ್ಕೆ ಬೀಳುತ್ತಿತ್ತು.) ಆದರೆ ಕೆನಡಾ ಬಂದ ತಕ್ಷಣ ಎರಡೂ ಕಡೆ ವಿದೇಶಿಯರಾದರು. ಭಾರತ ಬೇರೆ ಕೆನಡಾ ಬೇರೆ ಅಂತ ವಾದ ಮಾಡಿದರೆ ನಡೆಯುವುದಿಲ್ಲ. ವಾದಿಯೂ ವಿದೇಶಿ, ಪ್ರತಿವಾದಿಗಳಲ್ಲೂ ಒಬ್ಬ ವಿದೇಶಿ ಅಂದರೆ ಡೈವರ್ಸಿಟಿ ಮುರಿಯಿತು.

ಇಲ್ಲಿಯ ನಮ್ಮವರ ಕೇಸುಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ವಾದಿ ವೀಸಾ ಮೇಲಿರುವ ಭಾರತೀಯ, ಪ್ರತಿವಾದಿ ಅಮೆರಿಕದ ಕಂಪನಿ. ಮಧ್ಯದಲ್ಲಿ ಬೆಂಗಳೂರಿನ ಮಾತೃ ಕಂಪನಿಯನ್ನೂ ಸೇರಿಸೋಣ ಅಂತ ಹೊರಡುತ್ತಾರೆ. ಸೇರಿಸಿದರೆ ಕೇಸೇ ಆ ಕೋರ್ಟ್‌ನಿಂದ ಹೊರಗೆ.

ತರಲೆ ತಿಮ್ಮ

ಹಾಗಾದರೆ ಟ್ರಕ್ಕಿನವರೇ ವೇರ್‌ಹೌಸನ್ನು ಎಳೆದು ತರಲಿ. ಅವರು ತಂದ ಮೇಲೆ ನಾವು ಅವರ ಮೇಲೂ ಕ್ಲೇಮ್ ಹಾಕಿದರೆ ಆಯಿತು. ನಾವು ಸೇರಿಸಿದ ಹಾಗೂ ಆಗಲಿಲ್ಲ, ಕೇಸ್ ಹೋಗಲೂ ಇಲ್ಲ.

ಒಮಾಹಾ ಭಟ್ಟ

ತಿಮ್ಮಣ್ಣ, ಈ ಜಾಣತನವನ್ನು ನಿಮಗಿಂತ ಮೊದಲೇ ಮಾಡಿ ನೋಡಿದ್ದಾರೆ! ಓವೆನ್ ಇಕ್ವಿಪ್‌ಮೆಂಟ್ ವರ್ಸಸ್ ಕ್ರೋಗರ್, 1978, ಸುಪ್ರೀಂ ಕೋರ್ಟ್. ನಾನು ವಕೀಲ ಅಲ್ಲ. ಆದರೆ ಈ ಕೇಸ್ ನಮ್ಮೂರಿನದು, ಅದಕ್ಕೇ ಗೊತ್ತು.

ಒಬ್ಬ ಕಾರ್ಮಿಕ ಉಕ್ಕಿನ ಕ್ರೇನ್ ಪಕ್ಕ ನಡೆಯುತ್ತಿದ್ದ. ಕ್ರೇನ್ ಹೈಟೆನ್ಷನ್ ತಂತಿಗೆ ತೀರ ಹತ್ತಿರ ಹೋಗಿ, ಕರೆಂಟ್ ಹೊಡೆದು ಆತ ಸತ್ತ. ಹೆಂಡತಿ ಅಯೋವಾದವಳು. ಒಮಾಹಾದ ವಿದ್ಯುತ್ ಸಂಸ್ಥೆ ಮೇಲೆ ಕೇಸ್ ಹಾಕಿದಳು. ವಿದ್ಯುತ್ ಸಂಸ್ಥೆ ಕ್ರೇನ್‌ನ ಕಂಪನಿ ಓವೆನ್ ಅನ್ನು ಎಳೆದು ತಂದಿತು. ಆಕೆ ಕಂಪ್ಲೇಂಟ್ ತಿದ್ದಿ ಓವೆನ್ ಮೇಲೂ ಕ್ಲೇಮ್ ಹಾಕಿದಳು. ಆಮೇಲೆ ವಿದ್ಯುತ್ ಸಂಸ್ಥೆ ಕೇಸಿನಿಂದ ಹೊರಗೆ ಹೋಯಿತು, ಉಳಿದದ್ದು ಓವೆನ್ ಮಾತ್ರ. ಓವೆನ್ ನೆಬ್ರಾಸ್ಕಾದ್ದು ಅಂತ ಎಲ್ಲರೂ ನಂಬಿದ್ದರು. ವಿಚಾರಣೆಯ ಮೂರನೇ ದಿನ ಗೊತ್ತಾಯಿತು, ಅದರ ಮುಖ್ಯ ಕಚೇರಿ ಇರುವುದು ಅಯೋವಾದಲ್ಲಿ!

ಕಾರಣ ಮಿಸ್ಸೌರಿ ನದಿ. ಎರಡು ರಾಜ್ಯಗಳ ಗಡಿ ಈ ನದಿಯೇ. ಒಂದು ಕಾಲದಲ್ಲಿ ಅದು ದಿಕ್ಕು ಬದಲಿಸಿ ಕಾರ್ಟರ್ ಲೇಕ್ ಅನ್ನುವ ಊರನ್ನು ಒಮಾಹಾ ದಂಡೆಗೆ ಬಿಟ್ಟು ಹೋಯಿತು. ಊರು ಮಾತ್ರ ಅಯೋವಾಕ್ಕೇ ಸೇರಿದ್ದು. ಇವತ್ತಿಗೂ ಒಮಾಹಾ ಪೇಟೆಯಿಂದ ಏರ್‌ಪೋರ್ಟ್‌ಗೆ ಹೊರಟರೆ ನದಿ ದಾಟದೆಯೇ ನಡುವೆ ಸ್ವಲ್ಪ ದೂರ ಅಯೋವಾ ಸಿಗುತ್ತದೆ. ಊರಿಂದ ಬಂದವರನ್ನು ಕರೆದುಕೊಂಡು ಬರುವಾಗ ಪ್ರತಿ ಸಲ ಈ ಕತೆ ಹೇಳಿ ಬೋರು ಹೊಡೆಸುತ್ತೇನೆ.

ಸುಪ್ರೀಂ ಕೋರ್ಟ್ ಹೇಳಿದ್ದು: ಪ್ರತಿವಾದಿ ಎಳೆದು ತಂದ ಮೂರನೆಯವನ ಮೇಲೆ, ಅವನೂ ನೀವೂ ಒಂದೇ ರಾಜ್ಯದವರಾದರೆ, ವಾದಿ ಕ್ಲೇಮ್ ಹಾಕುವಂತಿಲ್ಲ. ನೇರ ಬಾಗಿಲಿನಿಂದ ಬರಲಾಗದ್ದನ್ನು ಹಿತ್ತಲಿನಿಂದ ತರಬೇಡಿ ಅಂತ.

ಪದ್ಮಕ್ಕ ಹ್ಯೂಸ್ಟನ್

ಭಟ್ಟರೇ, ನಮ್ಮ ಆಫೀಸಿನವರಿಗೂ ಈ ನದಿ ಕತೆ ಇಷ್ಟು ಚೆನ್ನಾಗಿ ಗೊತ್ತಿಲ್ಲ! 1990ರಲ್ಲಿ ಸಂಸತ್ತು ಆ ತೀರ್ಪಿನ ಮಾತನ್ನೇ ಸೆಕ್ಷನ್ 1367(ಬಿ) ಅಂತ ಕಾನೂನಿಗೆ ಹಾಕಿತು. ಹಾಗಾಗಿ ಹಿತ್ತಲ ಬಾಗಿಲು ಮುಚ್ಚಿದೆ.

ಆದರೆ ತಮ್ಮಾ, ನಿಮಗೆ ಇನ್ನೊಂದು ದಾರಿ ಇದೆ. ನಿಮ್ಮ ಕೇಸ್ ಹುಟ್ಟಿದ್ದು ಸ್ಟೇಟ್ ಕೋರ್ಟ್‌ನಲ್ಲಿ, ಫೆಡರಲ್‌ಗೆ ಒಯ್ದವರು ಅವರು. ಅಂಥ ಕೇಸಿಗೆ ಸೆಕ್ಷನ್ 1447(ಇ) ಇದೆ. ಹೀಗೆ ಒಯ್ದ ಮೇಲೆ ಡೈವರ್ಸಿಟಿ ಮುರಿಯುವ ಪ್ರತಿವಾದಿಯನ್ನು ಸೇರಿಸಬೇಕು ಅಂತ ವಾದಿ ಕೇಳಿದರೆ ಜಡ್ಜ್ ಮುಂದೆ ಎರಡೇ ಆಯ್ಕೆ. ಸೇರಿಸಲು ಬಿಡುವುದಿಲ್ಲ ಅನ್ನಬಹುದು. ಇಲ್ಲವೇ ಸೇರಿಸಿ, ಇಡೀ ಕೇಸನ್ನು ಸ್ಟೇಟ್ ಕೋರ್ಟ್‌ಗೆ ವಾಪಸ್ ಕಳಿಸಬಹುದು. ಸೇರಿಸಿಕೊಂಡು ಇಲ್ಲೇ ಇಟ್ಟುಕೊಳ್ಳುವ ಮೂರನೇ ಆಯ್ಕೆ ಇಲ್ಲ.

ವಾಪಸ್ ಹೋದರೆ ನಿಮಗೆ ನಷ್ಟವೇನೂ ಇಲ್ಲ, ಮೊದಲು ಹಾಕಿದ್ದೇ ಅಲ್ಲಿ ಅಲ್ವಾ? ಹಾಗಾಗಿಯೇ ಎದುರಿನವರು ಜಗಳಕ್ಕೆ ನಿಲ್ಲುತ್ತಾರೆ. ಇವರಿಗೆ ವೇರ್‌ಹೌಸ್ ಬೇಕಾಗಿಲ್ಲ, ಬರೀ ಕೇಸ್ ವಾಪಸ್ ತೆಗೆದುಕೊಂಡು ಹೋಗಲು ನೆಪ ಮಾಡುತ್ತಿದ್ದಾರೆ ಅನ್ನುತ್ತಾರೆ. 1987ರ ಹೆನ್ಸ್‌ಜೆನ್ಸ್ ವರ್ಸಸ್ ಡೀರ್ ತೀರ್ಪಿನ ಪ್ರಕಾರ ಜಡ್ಜ್ ಮೊದಲು ನೋಡುವುದೇ ಅದು, ಸೇರಿಸುವ ಉದ್ದೇಶ ಏನು. ಆಮೇಲೆ ಕೇಳಲು ತಡ ಮಾಡಿದಿರಾ, ಸೇರಿಸದಿದ್ದರೆ ನಿಮಗೆ ಎಷ್ಟು ನಷ್ಟ. ಉದ್ದೇಶದ ಪ್ರಶ್ನೆಗೆ ಡ್ರೈವರ್‌ನ ಸಾಕ್ಷಿಯೇ ಉತ್ತರ. ಅವರದೇ ಮನುಷ್ಯ, ಪ್ರಮಾಣ ಮಾಡಿ ವೇರ್‌ಹೌಸ್ ಕಡೆ ಬೆರಳು ತೋರಿಸಿದ್ದಾನೆ. ನಷ್ಟದ ಪ್ರಶ್ನೆಗೆ ಮೇಲಿನ 60-40 ಲೆಕ್ಕ.

ನನ್ನ ಚಿಂತೆ ತಡದ ಬಗ್ಗೆ. ಟ್ರಕ್ ಕಂಪನಿ ಕೊಟ್ಟ ದಾಖಲೆಗಳಲ್ಲಿ ಬಿಲ್ ಆಫ್ ಲೇಡಿಂಗ್ (ಸರಕು ಸಾಗಣೆಯ ರಸೀದಿ ಪತ್ರ) ಇರುತ್ತದೆ. ಅದು ನಿಮ್ಮ ವಕೀಲರ ಕೈಗೆ ಯಾವಾಗ ಬಂತು? ಅದರ ಮೇಲೆ ಏನು ಬರೆದಿದೆ? ದಯವಿಟ್ಟು ನೋಡಿ ಹೇಳಿ.

ಎನ್‌ಜೆ ಗೌಡ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ನ್ಯೂಜೆರ್ಸಿ, ಸಂಬಳದ ಕೇಸ್. ಕನ್ಸಲ್ಟೆನ್ಸಿ ಬೆಂಚ್‌ನಲ್ಲಿ (ಪ್ರಾಜೆಕ್ಟ್ ಇಲ್ಲದೆ) ಕೂರಿಸಿ ತಿಂಗಳುಗಟ್ಟಲೆ ದುಡ್ಡು ಕೊಡಲಿಲ್ಲ. ಕಂಪನಿ ಮೇಲೆ ಫೆಡರಲ್ ಕೋರ್ಟ್‌ನಲ್ಲಿ ಕನಿಷ್ಠ ವೇತನದ ಕೇಸ್ ಇದೆ. ಮಾಲೀಕನನ್ನು ಸೇರಿಸಬಹುದಾ? ನನ್ನ ಜೊತೆಗಿದ್ದ ಹುಡುಗರೂ ಸೇರಬೇಕು ಅಂತಿದ್ದಾರೆ. ಮಾಲೀಕನೂ ನಾನೂ ಇಬ್ಬರೂ ಭಾರತದವರು, ಹಾಗಾದರೆ ನನ್ನ ಕೇಸೂ ಹೋಯಿತಾ?

ಪದ್ಮಕ್ಕ ಹ್ಯೂಸ್ಟನ್

ಗಾಬರಿ ಬೇಡ ಗೌಡ್ರೇ. ನಿಮ್ಮದು ಫೆಡರಲ್ ಕಾನೂನಿನ ಕೆಳಗಿನ ಕ್ಲೇಮ್. ಅಲ್ಲಿ ಯಾರು ಎಲ್ಲಿಯವರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಫೇರ್ ಲೇಬರ್ ಸ್ಟಾಂಡರ್ಡ್ಸ್ ಆಕ್ಟ್ ಪ್ರಕಾರ ಕೆಲಸಕ್ಕೆ ಇಟ್ಟುಕೊಳ್ಳುವುದು, ತೆಗೆಯುವುದು, ಸಂಬಳ ಎಲ್ಲ ತಾನೇ ನಡೆಸುವ ಮಾಲೀಕ ಸ್ವಂತಕ್ಕೂ ಹೊಣೆಯಾಗಬಹುದು. ಅವನನ್ನು ಸೇರಿಸಲು ರೂಲ್ 15ರ ದಾರಿ, ಡೇಟ್ ದಾಟಿದ್ದರೆ ರೂಲ್ 16ರ ದಾರಿ.

ಹುಡುಗರ ವಿಷಯ ಬೇರೆ. ಅವರು ತಾವಾಗಿ ಬರೆದುಕೊಟ್ಟ ಒಪ್ಪಿಗೆ ಪತ್ರ ಕೋರ್ಟಿಗೆ ಸಲ್ಲಬೇಕು. ನೀವು ಕೇಸ್ ಹಾಕಿದ ದಿನದಿಂದ ಅವರ ಕಾಲಮಿತಿ ನಿಲ್ಲುವುದಿಲ್ಲ, ಅವರವರ ಪತ್ರ ಸಲ್ಲಿದ ದಿನವೇ ಲೆಕ್ಕ. ಮಿತಿ ಎರಡು ವರ್ಷ, ಬೇಕೆಂದೇ ಮಾಡಿದ್ದು ಅಂತ ಸಾಬೀತಾದರೆ ಮೂರು. ಅಂದರೆ ಅವರು ಯೋಚಿಸುತ್ತಾ ಕೂತ ಒಂದೊಂದು ವಾರಕ್ಕೂ ಹಿಂದಿನ ಒಂದೊಂದು ವಾರದ ಸಂಬಳ ಕರಗುತ್ತದೆ. ಎಚ್-1ಬಿಗಾಗಿ ಕಂಪನಿ ಸರ್ಕಾರಕ್ಕೆ ಬರೆದುಕೊಟ್ಟ (ಎಲ್‌ಸಿಎ) ಸಂಬಳ ಪೂರ್ತಿ ಬೇಕು ಅನ್ನುವ ದೂರು ಕಾರ್ಮಿಕ ಇಲಾಖೆಗೆ ಹೋಗಬೇಕು, 12 ತಿಂಗಳೊಳಗೆ. ಇದರ ಬಗ್ಗೆ ಬೇರೆ ಚರ್ಚೆ ಶುರುಮಾಡಿ, ಅಲ್ಲಿ ಬರೆಯುತ್ತೇನೆ.

ಇರ್ವಿಂಗ್ ತಮ್ಮ

ಅಕ್ಕ, ನೋಡಿದೆ. ಬಿಲ್ ಆಫ್ ಲೇಡಿಂಗ್ ನಮ್ಮ ವಕೀಲರಿಗೆ ಬಂದು ನಾಲ್ಕು ತಿಂಗಳಾಗಿದೆ, ಅಂದರೆ ಡೇಟ್ ಮುಗಿಯುವ ಮುಂಚೆಯೇ. ವೇರ್‌ಹೌಸ್ ಹೆಸರು ಮೇಲೆಯೇ ಇದೆ. ಕೆಳಗೆ ಒಂದು ರಬ್ಬರ್ ಸ್ಟಾಂಪ್: "ಶಿಪ್ಪರ್ಸ್ ಲೋಡ್ ಅಂಡ್ ಕೌಂಟ್". ಪಕ್ಕದಲ್ಲಿ ಸೀಲ್ ನಂಬರ್ ಕೈಯಲ್ಲಿ ಬರೆದಿದ್ದಾರೆ. ಇದು ಒಳ್ಳೆಯದಾ ಕೆಟ್ಟದ್ದಾ?

ಪದ್ಮಕ್ಕ ಹ್ಯೂಸ್ಟನ್

ಎರಡೂ. ವೇರ್‌ಹೌಸ್ ತಪ್ಪಿದೆ ಅನ್ನಲು ಒಳ್ಳೆಯದು. ಲೋಡ್ ಮಾಡಿದ್ದೂ ಎಣಿಸಿದ್ದೂ ಕಳಿಸಿದವರೇ, ಟ್ರಕ್ಕಿನವರಲ್ಲ ಅಂತ ಆ ಸ್ಟಾಂಪ್ ಹೇಳುತ್ತದೆ. ಫೆಡರಲ್ ಸಾರಿಗೆ ನಿಯಮ 392.9ರ ಪ್ರಕಾರ ಸರಕು ಭದ್ರವಾಗಿದೆಯಾ ಅಂತ ಡ್ರೈವರ್ ಹೊರಡುವ ಮುಂಚೆ ನೋಡಬೇಕು, ಮೊದಲ 50 ಮೈಲಿಯೊಳಗೆ ಮತ್ತೊಮ್ಮೆ ನೋಡಬೇಕು. ಆದರೆ ಸೀಲ್ ಆಗಿ, ತೆರೆಯಬೇಡ ಅಂತ ಹೇಳಿದ್ದರೆ ಆ ಹೊಣೆಗೆ ವಿನಾಯಿತಿ ಇದೆ. ಡ್ರೈವರ್‌ನ ಮಾತು, ಸೀಲ್ ನಂಬರ್, ಸ್ಟಾಂಪ್ ಮೂರೂ ಒಂದೇ ಕಡೆ ತೋರಿಸುತ್ತವೆ.

ಕೆಟ್ಟದ್ದು ಏನೆಂದರೆ, ಎದುರಿನ ಲಾಯರ್ ಇದೇ ಹಾಳೆಯನ್ನು ಎತ್ತಿ ಹಿಡಿದು "ನಾಲ್ಕು ತಿಂಗಳಿಂದ ಇವರ ಕಡತದಲ್ಲೇ ಇತ್ತು" ಅನ್ನುತ್ತಾರೆ. ಅದಕ್ಕೆ ಉತ್ತರ: ಯಾರು ಲೋಡ್ ಮಾಡಿದರು ಅನ್ನುವುದು ಗೊತ್ತಿದ್ದ ಮಾತ್ರಕ್ಕೆ ತಪ್ಪಾಗಿ ಲೋಡ್ ಮಾಡಿದರು ಅನ್ನುವುದು ಗೊತ್ತಾಗುವುದಿಲ್ಲ. ಒಳಗೆ ಉರುಳಿತು ಅನ್ನುವ ಮಾತು ಮೊದಲ ಸಲ ಬಂದಿದ್ದು ಡಿಪೊಸಿಷನ್‌ನಲ್ಲಿ. ಹೆಸರು ಕಂಡ ತಕ್ಷಣ ಆಧಾರವಿಲ್ಲದೆ ಕೇಸ್ ಹಾಕಿದ್ದರೆ ಬುಡವಿಲ್ಲದ ಆರೋಪ ತಡೆಯುವ ರೂಲ್ 11ರ ಕೆಳಗೆ ಬೈಸಿಕೊಳ್ಳುತ್ತಿದ್ದೆವು ಅನ್ನಬಹುದು. ಗಟ್ಟಿ ಉತ್ತರ, ಆದರೆ ದಿನ ಕಳೆದಂತೆ ಸಪ್ಪೆಯಾಗುತ್ತದೆ. ಡಿಪೊಸಿಷನ್ ಆದ ಮೇಲೂ ಎರಡು ತಿಂಗಳು ಸುಮ್ಮನಿದ್ದರೆ ಯಾವ ಜಡ್ಜ್ ಒಪ್ಪುತ್ತಾರೆ? ಈ ವಾರವೇ ಮೋಷನ್ ಹೋಗಬೇಕು. ಡ್ರೈವರ್ ಯಾಕೆ ಮೊದಲು ಸಿಗಲಿಲ್ಲ, ಎಷ್ಟು ಸಲ ಡೇಟ್ ಕೇಳಿದಿರಿ, ಆ ಮೇಲ್‌ಗಳನ್ನೂ ಹಚ್ಚಿ.

ವಕೀಲ ಮೈಸೂರು

ಕಾಲಮಿತಿ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಲಿಮಿಟೇಷನ್ ಆಕ್ಟ್ ಸೆಕ್ಷನ್ 21 ಪ್ರಕಾರ ಹೊಸ ಪಾರ್ಟಿಯ ಮಟ್ಟಿಗೆ ದಾವೆ ಹಾಕಿದ್ದು ಅವನನ್ನು ಸೇರಿಸಿದ ದಿನ ಅಂತಲೇ ಲೆಕ್ಕ. ಪ್ರಾಮಾಣಿಕ ತಪ್ಪಿನಿಂದ ಬಿಟ್ಟುಹೋಗಿದ್ದರೆ ಹಿಂದಿನ ದಿನಾಂಕ ಕೊಡಲು ಕೋರ್ಟಿಗೆ ಅಧಿಕಾರ ಇದೆ. ಅಲ್ಲಿ?

ಪದ್ಮಕ್ಕ ಹ್ಯೂಸ್ಟನ್

ಇಲ್ಲೂ ಹತ್ತಿರ ಹತ್ತಿರ ಹಾಗೇ ಸರ್, ರೂಲ್ 15(ಸಿ). ಹೊಸಬನನ್ನು ಮೊದಲ ಕಂಪ್ಲೇಂಟ್‌ನ ದಿನಕ್ಕೆ ಹಿಂದೆ ಒಯ್ಯಬಹುದು, ಆದರೆ ಪಾರ್ಟಿ ಯಾರು ಅನ್ನುವುದರಲ್ಲಿ ತಪ್ಪಾಗಿರಬೇಕು ಮತ್ತು ಸಮನ್ಸ್ ಜಾರಿಗೆ ಇರುವ 90 ದಿನದ ಅವಧಿಯೊಳಗೆ ಆತನಿಗೆ ಕೇಸಿನ ಸುಳಿವು ಸಿಕ್ಕಿರಬೇಕು.

2010ರ ಕ್ರುಪ್ಸ್ಕಿ ಕೇಸ್ ಇದರಲ್ಲಿ ಮುಖ್ಯ. ಕ್ರೂಸ್ ಹಡಗಿನಲ್ಲಿ ಕೇಬಲ್ ಎಡವಿ ಬಿದ್ದು ತೊಡೆಮೂಳೆ ಮುರಿದುಕೊಂಡ ಮಹಿಳೆ. ಟಿಕೆಟ್ ಪ್ರಕಾರ ಒಂದು ವರ್ಷದೊಳಗೆ ಕೇಸ್ ಹಾಕಬೇಕು. ಹಡಗು ನಡೆಸುವ ಇಟಲಿಯ ಕಂಪನಿ ಬಿಟ್ಟು, ಟಿಕೆಟ್ ಮಾರುವ ಅಮೆರಿಕದ ಕಂಪನಿ ಮೇಲೆ ಹಾಕಿದರು. ಗೊತ್ತಾಗುವಷ್ಟರಲ್ಲಿ ವರ್ಷ ಮುಗಿದಿತ್ತು. ಟಿಕೆಟ್‌ನಲ್ಲೇ ಇಟಲಿ ಕಂಪನಿಯ ಹೆಸರಿತ್ತಲ್ಲ ಅಂತ ಕೆಳಗಿನ ಕೋರ್ಟ್‌ಗಳು ಆಕೆಯನ್ನು ಸೋಲಿಸಿದವು. ಸುಪ್ರೀಂ ಕೋರ್ಟ್ ತಿರುಗಿಸಿತು. ವಾದಿಗೆ ಏನು ಗೊತ್ತಿತ್ತು ಅನ್ನುವುದಲ್ಲ, ತನ್ನ ಮೇಲೆ ಬರಬೇಕಿದ್ದ ಕೇಸ್ ತಪ್ಪಿನಿಂದ ಬೇರೆಯವರ ಮೇಲೆ ಹೋಗಿದೆ ಅಂತ ಹೊಸ ಪಾರ್ಟಿಗೆ ಗೊತ್ತಿತ್ತಾ ಅನ್ನುವುದೇ ಪ್ರಶ್ನೆ ಅಂದಿತು.

ತಮ್ಮನ ಕೇಸಿಗೆ ಇದು ಕೂರುವುದಿಲ್ಲ. ಟ್ರಕ್ಕಿನವರ ಮೇಲೆ ಹಾಕಿದ್ದು ತಪ್ಪಲ್ಲ, ಅವರೂ ಬೇಕು. ಇನ್ನೊಬ್ಬ ಇದ್ದಾನೆ ಅಂತ ತಿಳಿಯದಿದ್ದದ್ದು ತಪ್ಪು ಹೆಸರು ಬರೆದ ಹಾಗಲ್ಲ. ಐದನೇ ಸರ್ಕ್ಯೂಟ್ ಈ ವಿಷಯದಲ್ಲಿ ಬಿಗಿ. ಅಪರಿಚಿತ ಅಂತ ಜಾಗ ಖಾಲಿ ಬಿಟ್ಟು ಆಮೇಲೆ ಹೆಸರು ತುಂಬಿದವರನ್ನೇ 1998ರ ಜೇಕಬ್ಸನ್ ತೀರ್ಪಿನಲ್ಲಿ ಹೊರಗೆ ಹಾಕಿದೆ.

ಟೆಕ್ಸಸ್‌ನಲ್ಲಿ ಗಾಯದ ಕೇಸಿಗೆ ಎರಡು ವರ್ಷ. ಆ ದಿನದೊಳಗೆ ವೇರ್‌ಹೌಸ್ ಮೇಲೆ ಎಲ್ಲಾದರೂ ಒಂದು ಕೇಸ್ ದಾಖಲಾಗಿರಲೇಬೇಕು. ಮೋಷನ್ ಹಾಕಿ ಜಡ್ಜ್ ಆದೇಶಕ್ಕೆ ಕಾಯುತ್ತಾ ಕೂತರೆ ಆದೇಶ ಬರುವಷ್ಟರಲ್ಲಿ ದಿನ ದಾಟಬಹುದು. ನಾನು ನಿಮ್ಮ ವಕೀಲರ ಆಫೀಸಿನಲ್ಲಿದ್ದರೆ ಎರಡೂ ಮಾಡಿ ಅನ್ನುತ್ತಿದ್ದೆ: ಫೆಡರಲ್ ಕೋರ್ಟ್‌ನಲ್ಲಿ ಮೋಷನ್, ಜೊತೆಗೆ ವೇರ್‌ಹೌಸ್ ಮೇಲೆ ಮಾತ್ರ ಸ್ಟೇಟ್ ಕೋರ್ಟ್‌ನಲ್ಲಿ ಪ್ರತ್ಯೇಕ ಕೇಸ್.

ತರಲೆ ತಿಮ್ಮ

ಪ್ರತ್ಯೇಕ ಕೇಸ್ ಹೇಗೂ ಹಾಕುತ್ತೀರಲ್ಲ, ಮೋಷನ್ ಯಾಕೆ ಮತ್ತೆ? ಈ ಸಲ ತರಲೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಪದ್ಮಕ್ಕ ಹ್ಯೂಸ್ಟನ್

ಎರಡು ಕೋರ್ಟ್‌ನಲ್ಲಿ ಎರಡು ಕೇಸ್ ನಡೆದರೆ ಏನಾಗುತ್ತದೆ ಗೊತ್ತಾ? ಇಲ್ಲಿ ಟ್ರಕ್ಕಿನವರು ತಪ್ಪೆಲ್ಲ ವೇರ್‌ಹೌಸ್‌ನದು ಅನ್ನುತ್ತಾರೆ. ಅಲ್ಲಿ ವೇರ್‌ಹೌಸ್ ತಪ್ಪೆಲ್ಲ ಟ್ರಕ್ಕಿನದು ಅನ್ನುತ್ತದೆ. ಎರಡೂ ಜ್ಯೂರಿ ಎದುರಿಗಿಲ್ಲದವನ ತಲೆಗೆ ಕಟ್ಟಿದರೆ ಅಣ್ಣನ ಗತಿ? ಇಬ್ಬರೂ ಒಂದೇ ಜ್ಯೂರಿ ಮುಂದೆ ಕೂರಬೇಕು. ಮೋಷನ್ ಅದಕ್ಕೆ, ಪ್ರತ್ಯೇಕ ಕೇಸ್ ಕಾಲಮಿತಿಗೆ. ಆದರೆ ಒಂದು ಅಪಾಯ ಇದೆ. ಸ್ಟೇಟ್ ಕೋರ್ಟ್‌ನಲ್ಲಿ ಹೇಗೂ ಕೇಸ್ ಹಾಕಿದ್ದೀರಲ್ಲ, ಸೇರಿಸದಿದ್ದರೆ ನಿಮಗೇನು ನಷ್ಟ ಅಂತ ಜಡ್ಜ್ ಕೇಳಬಹುದು. ಅದಕ್ಕೂ ಇದೇ ಮಾತು ಮೋಷನ್‌ನಲ್ಲಿ ಬರೆದಿರಬೇಕು.

ಬರೆಯುವ ರೀತಿಯೂ ಮುಖ್ಯ. ಡಾಲಸ್ ಇರುವ ಉತ್ತರ ಡಿಸ್ಟ್ರಿಕ್ಟ್‌ನ ಲೋಕಲ್ ರೂಲ್ ಪ್ರಕಾರ ಮೋಷನ್ ಹಾಕುವ ಮುಂಚೆ ಎದುರಿನ ಲಾಯರ್ ಜೊತೆ ಮಾತಾಡಿ, ಮಾತಾಡಿದ್ದೇವೆ ಅಂತ ಸರ್ಟಿಫಿಕೇಟ್ ಹಚ್ಚಬೇಕು. ತಿದ್ದಿದ ಕಂಪ್ಲೇಂಟ್ ಪೂರ್ತಿ ಲಗತ್ತಿಸಬೇಕು. ಹೊಸ ಪ್ಯಾರಾ ಮಾತ್ರ ಬರೆದರೆ ಆಗುವುದಿಲ್ಲ. ಹೊಸದು ಬಂದ ಮೇಲೆ ಹಳೆಯದಕ್ಕೆ ಬೆಲೆ ಇಲ್ಲ, ಟ್ರಕ್ಕಿನವರ ಮೇಲಿನ ಮಾತುಗಳೂ ಅದರಲ್ಲೇ ಇರಬೇಕು.

ಇರ್ವಿಂಗ್ ತಮ್ಮ

ಅಪ್‌ಡೇಟ್. ಇದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ, ವಕೀಲರ ಜೊತೆ ಕೂತು ಮಾತಾಡಿದೆವು. ಅವರೂ ಎರಡೂ ಮಾಡೋಣ ಅಂತಲೇ ಇದ್ದರಂತೆ. ಮೋಷನ್ ಹೋಗಿದೆ. ಎದುರಿನವರು ವಿರೋಧ ಹಾಕಿದ್ದಾರೆ, ಬಿಲ್ ಆಫ್ ಲೇಡಿಂಗ್ ಮೊದಲ ಎಕ್ಸಿಬಿಟ್! ಡಾಲಸ್ ಕೌಂಟಿಯಲ್ಲಿ ವೇರ್‌ಹೌಸ್ ಮೇಲೆ ಕೇಸ್ ದಾಖಲಾಯಿತು, ಎರಡು ವರ್ಷ ತುಂಬುವ ಮುಂಚೆಯೇ. ಜಡ್ಜ್ ಆದೇಶ ಇನ್ನೂ ಬಂದಿಲ್ಲ.

ಹೊಸ ತಲೆನೋವು: ವೇರ್‌ಹೌಸ್‌ಗೆ ಕೇಸಿನ ಸಮನ್ಸ್ ಪೇಪರ್ ಕೊಡಲು ಹೋದವನು ಎರಡು ಸಲ ಗೇಟಿನಿಂದಲೇ ವಾಪಸ್ ಬಂದಿದ್ದಾನೆ. ಅಲ್ಲಿಯ ಸೆಕ್ಯೂರಿಟಿ ತೆಗೆದುಕೊಳ್ಳಲಿಲ್ಲವಂತೆ. ಕೇಸ್ ಹಾಕಿ ಆಗಿದೆ ಅಲ್ವಾ, ಇದಕ್ಕೆ ಅವಸರ ಇಲ್ಲ ತಾನೇ?

ಪದ್ಮಕ್ಕ ಹ್ಯೂಸ್ಟನ್

ಅವಸರ ಇದೆ! ಟೆಕ್ಸಸ್‌ನಲ್ಲಿ ದಿನದೊಳಗೆ ಕೇಸ್ ಹಾಕಿದರಷ್ಟೇ ಸಾಲದು. ಕಾಲಮಿತಿ ದಾಟಿದ ಮೇಲೆ ಪೇಪರ್ ತಲುಪಿದರೆ, ತಲುಪಿಸಲು ಸತತವಾಗಿ ಪ್ರಯತ್ನಿಸಿದಿರಿ ಅಂತ ನೀವೇ ತೋರಿಸಬೇಕು. ನಡುವೆ ಕಾರಣವಿಲ್ಲದೆ ತಿಂಗಳುಗಟ್ಟಲೆ ಸುಮ್ಮನಿದ್ದವರ ಕೇಸುಗಳು ಬಿದ್ದುಹೋಗಿವೆ.

ಗೇಟಿಗೆ ಹೋಗುವುದನ್ನು ಬಿಡಿ. ಪ್ರತಿ ಎಲ್‌ಎಲ್‌ಸಿಗೂ ಅದರ ಪರವಾಗಿ ಕೋರ್ಟ್ ಪೇಪರ್ ತೆಗೆದುಕೊಳ್ಳುವ ರಿಜಿಸ್ಟರ್ಡ್ ಏಜೆಂಟ್ ಅಂತ ಒಬ್ಬರು ಇರಲೇಬೇಕು. ಹೆಸರು, ವಿಳಾಸ ಟೆಕ್ಸಸ್ ಸೆಕ್ರೆಟರಿ ಆಫ್ ಸ್ಟೇಟ್ ದಾಖಲೆಯಲ್ಲಿ ಇರುತ್ತದೆ. ನಾಳೆಯೇ ಅಲ್ಲಿಗೆ ಕಳಿಸಿ. ಆ ವಿಳಾಸದಲ್ಲೂ ಸರಿಯಾಗಿ ಪ್ರಯತ್ನಿಸಿ ಏಜೆಂಟ್ ಸಿಗದಿದ್ದರೆ ಸೆಕ್ರೆಟರಿ ಆಫ್ ಸ್ಟೇಟ್‌ಗೇ ಪೇಪರ್ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಪ್ರತಿ ಸಲ ಹೋದ ದಿನ, ಗಂಟೆ, ಯಾರು ಸಿಕ್ಕರು, ಏನಂದರು ಎಲ್ಲ ಬರೆದು ಸಹಿ ಹಾಕಿಸಿ ಇಟ್ಟುಕೊಳ್ಳಿ. ಗೇಟಿನಿಂದ ವಾಪಸ್ ಬಂದ ಆ ಎರಡು ಸಲದ್ದೂ ಸೇರಿಸಿ.